ಲೋರಾ ಮೋಟರ್ ಕಿಟ್ ರಿವ್ಯೂ: ಬೋರ್ಡ್ ಗಟ್ಟಿ, ಟೈಮ್‌ಔಟ್ ಮಾತ್ರ ದೇವ್ರಿಗೇ ಪ್ರೀತಿ

ಮೊದ್ಲೇ ಹೇಳ್ಬಿಡ್ತೀನಿ, ನನ್ ಕಡೆಯಿಂದ 5ಕ್ಕೆ 3 ಸ್ಟಾರ್. ಮನೇಲಿ ಕೂತು ದೂರದ ಬೋರಿನ ಮೋಟರ್ ಹಾಕೋಕೆ ನಿಲ್ಲಿಸೋಕೆ ಇರೋ ಕಿಟ್ ಇದು, ಸಿಮ್ ಬೇಡ, ಲೋರಾ ಅನ್ನೋ ದೂರ ಮುಟ್ಟೋ ರೇಡಿಯೋ ಮೇಲೆ ನಡೆಯುತ್ತೆ. ಟೈಮ್‌ಔಟ್ ಅಂದ್ರೆ ಆ ಕಡೆಯ ಉತ್ತರಕ್ಕೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋ ಮಿತಿ. ಹಾರ್ಡ್‌ವೇರ್‌ಗೆ ನಾಲ್ಕೂವರೆ ಕೊಡ್ಬೋದು, ಅದ್ರೊಳಗೆ ತುಂಬಿ ಕಳಿಸಿರೋ ಕೋಡ್‌ಗೆ ಒಂದೂವರೆ, ಆವರೇಜ್ ನೀವೇ ಹಾಕ್ಕೊಳಿ. ಮಾರಿದೋರ ಹೆಸರು ಬರೆಯಲ್ಲ. ಇಂಥ ಕಿಟ್ ಮಾರೋರು ಸುಮಾರು ಜನ ಇದಾರೆ, ನಿಮ್ ಕೈಲಿರೋದು ಯಾರದ್ದೇ ಆಗ್ಲಿ, ಕೆಳಗೆ ಹೇಳೋ ಒಂದೆರಡು ನಂಬರ್ ತೆಗೆದು ನೋಡ್ಕೊಳಿ, ನನ್ ಥರ ಮೂರು ವಾರ ಒದ್ದಾಡೋದು ತಪ್ಪುತ್ತೆ.

ನಮ್ದು ಚನ್ನಗಿರಿ ಕಡೆ ಅಡಿಕೆ ತೋಟ. ಮನೆಯಿಂದ ಬೋರಿಗೆ ರಸ್ತೆ ಬಿಟ್ಟು ನೇರಕ್ಕೆ ಅಳೆದ್ರೆ 1.2 ಕಿಲೋಮೀಟರ್, ಬೋರು ಇರೋದು ತಗ್ಗಿನಲ್ಲಿ, ಅಲ್ಲಿ ಮೊಬೈಲ್ ಹಿಡ್ಕೊಂಡು ನಿಂತ್ರೆ ಒಂದು ಕಡ್ಡಿ ಸಿಗ್ನಲ್ ಬಂದ್ರೆ ಅದೃಷ್ಟ. ಹಂಗಾಗಿ ಎಲ್ಲರೂ ಹಾಕಿಸ್ಕೊಳ್ಳೋ ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್ ನಮಗೆ ಆಗ್ಲೇ ಇಲ್ಲ, ಒಂದು ವರ್ಷ ಇಟ್ಕೊಂಡು ರೀಚಾರ್ಜ್ ಮಾಡಿದ್ದೇ ಬಂತು. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿ ಇದ್ದಾಗ ಅಪ್ಪ ಬ್ಯಾಟರಿ ಹಿಡ್ಕೊಂಡು ಹನ್ನೊಂದು ಗಂಟೆಗೆ ನಡ್ಕೊಂಡು ಹೋಗೋದು, ಹಾವು ಚೇಳು ಅಂತ ಅಮ್ಮಂಗೆ ನಿದ್ದೆ ಇಲ್ಲ. ನಾನು ಬೆಂಗಳೂರಲ್ಲಿ ಕೂತು ಮೈಕ್ರೋಕಂಟ್ರೋಲರ್ ಕೋಡ್ ಬರೆದು ಸಂಬಳ ತಗೊಳ್ಳೋನು, ನಮ್ಮನೆ ಮೋಟರ್ ಒಂದು ಆನ್ ಮಾಡೋಕೆ ಆಗಲ್ವಾ ಅಂತ ಅಮ್ಮ ಕೇಳಿದ ಮೇಲೆ ಸುಮ್ನಿರೋಕಾಗುತ್ತಾ.

ಆನ್‌ಲೈನ್‌ನಲ್ಲಿ 3,800 ರೂಪಾಯಿ ಕೊಟ್ಟು ಈ ಕಿಟ್ ತರಿಸ್ದೆ. ಎರಡು ಡಬ್ಬಿ. ಮನೆ ಕಡೆದಕ್ಕೆ ಒಂದು ಗುಂಡಿ, ಒಂದು ಹಸಿರು ದೀಪ, ಒಂದು ಕೆಂಪು ದೀಪ. ಬೋರ್ ಕಡೆದಕ್ಕೆ ಎರಡು ರಿಲೇ (ಕೋಡ್ ಹೇಳಿದಂಗೆ ಆನ್ ಆಫ್ ಆಗೋ ಸ್ವಿಚ್ಚು), ಒಂದು ಸ್ಟಾರ್ಟರ್‌ನ ಹಸಿರು ಗುಂಡಿಗೆ ಪ್ಯಾರಲಲ್ ಹಾಕೋಕೆ, ಇನ್ನೊಂದು ಕೆಂಪು ಗುಂಡಿಗೆ ಸೀರೀಸ್ ಹಾಕೋಕೆ, ಜೊತೆಗೆ ವೈರ್ ಸುತ್ತ ಕಚ್ಚಿಸೋ ಕರೆಂಟ್ ಸೆನ್ಸರ್. ಒಳಗೆ ಎರಡೂ ಕಡೆ ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್, ಅಂದ್ರೆ ಎಸ್‌ಎಕ್ಸ್1276 ಚಿಪ್, ನಮ್ ದೇಶದಲ್ಲಿ ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ಒಳಗೆ ಸೆಟ್ ಮಾಡಿದಾರೆ. ಬುದ್ಧಿ ಕೆಲಸ ಮಾಡೋಕೆ, ಎಲೆಕ್ಟ್ರಾನಿಕ್ಸ್ ಕಲಿಯೋರು ಬಳಸೋ ಆರ್ಡುಯಿನೋ ಊನೋ ಬೋರ್ಡಲ್ಲಿರೋ ಅದೇ ಚಿಪ್ಪು. ಬೆಸುಗೆ ನೀಟಾಗಿದೆ, ಡಬ್ಬಿಗೆ ರಬ್ಬರ್ ಗ್ಯಾಸ್ಕೆಟ್ ಕೊಟ್ಟಿದಾರೆ, ರಿಲೇ ಕಾಂಟ್ಯಾಕ್ಟ್‌ಗೆ ಕಿಡಿ ತಡೆಯೋ ಸ್ನಬ್ಬರ್ ಹಾಕಿದಾರೆ, ಇಷ್ಟು ದುಡ್ಡಿಗೆ ಇದು ನಿಜವಾಗ್ಲೂ ಚೆನ್ನಾಗಿದೆ. ಎಲ್ಲಕ್ಕಿಂತ ದೊಡ್ಡದು ಅಂದ್ರೆ ಸೋರ್ಸ್ ಕೋಡ್ ಕೊಟ್ಟಿದಾರೆ, ಅದಕ್ಕೊಂದು ನಮಸ್ಕಾರ. ಅದಿಲ್ಲದೇ ಇದ್ದಿದ್ರೆ ಈ ರಿವ್ಯೂ ಒಂದು ಸ್ಟಾರ್‌ನಲ್ಲಿ ಎರಡೇ ಲೈನಿಗೆ ಮುಗೀತಿತ್ತು.

ಬೋರ್ಡ್ ಮೇಲೊಂದು ಜಂಪರ್ ಇದೆ, ಅಂದ್ರೆ ಎಡಕ್ಕೋ ಬಲಕ್ಕೋ ಚುಚ್ಚಿ ಸೆಟ್ಟಿಂಗ್ ಬದಲಾಯಿಸೋ ಪುಟ್ಟ ಕ್ಲಿಪ್ಪು. ಜೊತೆ ಬಂದ ಒಂದು ಹಾಳೆಯಲ್ಲಿ ‘ಹತ್ತಿರಕ್ಕೆ ಎಡ, 5 ಕಿಲೋಮೀಟರ್ ದೂರಕ್ಕೆ ಬಲ’ ಅಂತ ಬರ್ದಿದಾರೆ, ಅದ್ರ ಬಗ್ಗೆ ಅಷ್ಟೇ. ಟೇಬಲ್ ಮೇಲೆ ಎಡಕ್ಕೆ ಇಟ್ಟು ನೋಡ್ದೆ, ಗುಂಡಿ ಒತ್ತಿದ್ ತಕ್ಷಣ ಟಕ್ ಅಂತ ರಿಲೇ, ಹಸಿರು ದೀಪ. ಇನ್ನೊಂದ್ಸಲ ಒತ್ತಿದ್ರೆ ಇನ್ನೊಂದು ರಿಲೇ, ಮತ್ತೆ ಹಸಿರು. ಖುಷಿಯೋ ಖುಷಿ. ಊರಿಗೆ ತಗೊಂಡೋಗಿ ಜಂಪರ್ ಬಲಕ್ಕೆ ಹಾಕಿ, ಪ್ಯಾನೆಲ್ ಬೋರ್ಡ್‌ಗೆ ವೈರ್ ಎಳೆದು, ಸಂಜೆ ಒಂದ್ಸಲ ಒತ್ತಿ ನೋಡಿದ್ವಿ, ಮೋಟರ್ ಓಡ್ತು ಅಂತ ತಮ್ಮ ಅಲ್ಲಿಂದ ಟವೆಲ್ ಬೀಸ್ದ. ಮನೆ ಹತ್ರ ದೀಪ ಯಾವ್ದು ಹತ್ತಿದೆ ಅಂತ ಯಾರೂ ನೋಡ್ಲೇ ಇಲ್ಲ. ನಾನು ಬಸ್ ಹತ್ತಿ ಬಂದೆ.

ಎರಡನೇ ದಿನ ರಾತ್ರಿ ಅಪ್ಪನ ಫೋನು. ‘ಲೇ, ನಿನ್ ಡಬ್ಬಿ ಕೆಂಪಗೆ ಉರೀತೈತೆ, ಏನ್ ಒತ್ತಿದ್ರೂ ಕೆಂಪೇ.’ ಇನ್ನೊಂದ್ಸಲ ಒತ್ತಪ್ಪ ಅಂದೆ. ನಾನೇ ಹೇಳಿದ್ದು ನೋಡಿ, ಅದೇ ತಪ್ಪು. ಅಪ್ಪ ಒತ್ತಿದ್ರು, ಒಂಬತ್ತು ಸೆಕೆಂಡ್ ಆದ್ಮೇಲೆ ಮತ್ತೆ ಕೆಂಪು. ಇನ್ನೊಂದ್ಸಲ, ಮತ್ತೆ ಕೆಂಪು. ಕೊನೆಗೆ ಬೈದ್ಕೊಂಡು ಬ್ಯಾಟರಿ ತಗೊಂಡು ನಡ್ಕೊಂಡೇ ಹೋದ್ರು, ಹೋಗಿ ನೋಡಿದ್ರೆ ಮೋಟರ್ ನಿಂತಿದೆ, ಆದ್ರೆ ಡೆಲಿವರಿ ಪೈಪ್ ತಣ್ಣಗೆ, ತೊಟ್ಟಿ ಬಾಯಲ್ಲಿ ನೀರು ಚೆಲ್ಲಿದೆ. ಅಂದ್ರೆ ಓಡಿದೆ, ನಿಂತಿದೆ, ಓಡಿದೆ, ನಿಂತಿದೆ. ಐದು ಹೆಚ್‌ಪಿ ಸಬ್‌ಮರ್ಸಿಬಲ್ಲು, ಡೈರೆಕ್ಟ್ ಸ್ಟಾರ್ಟರ್ ಮೇಲೆ, ಒಂದೊಂದು ಸಲ ಸ್ಟಾರ್ಟ್ ಆಗೋವಾಗ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತೆ, ಕಾಯಿಲ್ ಸುಟ್ಟಿದ್ರೆ ಬೋರಿಂದ ಎತ್ಸಿ ರಿವೈಂಡಿಂಗ್ ಮಾಡಿಸೋ ಖರ್ಚು ಈ ಕಿಟ್ ಬೆಲೆಯ ಎಷ್ಟು ಪಟ್ಟೋ. ಪುಣ್ಯಕ್ಕೆ ಏನೂ ಆಗ್ಲಿಲ್ಲ.

ಮುಂದಿನ ಶನಿವಾರ ಲ್ಯಾಪ್‌ಟಾಪ್ ತಗೊಂಡು ಬೋರ್ ಹತ್ರ ಕೂತೆ. ಅಲ್ಲಿ ಫೋನ್ ಸಿಗಲ್ವಲ್ಲ, ಹಂಗಾಗಿ ತಮ್ಮನ್ ಜೊತೆ ಮೊದ್ಲೇ ಮಾತಾಡ್ಕೊಂಡಿದ್ದು, ವಾಚ್ ನೋಡ್ಕೊಂಡು ಸರಿಯಾಗಿ ಎರಡೆರಡು ನಿಮಿಷಕ್ಕೊಂದ್ಸಲ ಒತ್ತು, ಯಾವ್ ದೀಪ ಬಂತು ಅಂತ ಚೀಟಿ ಮೇಲೆ ಬರ್ಕೋ ಅಂತ. ಕಿಟ್ ಕೋಡ್ ಬಳಸೋ ರೇಡಿಯೋ ಲೈಬ್ರರಿ (ಬೇರೆಯೋರು ಬರೆದಿಟ್ಟ ಸಿದ್ಧ ಕೋಡ್) ಒಳಗೇ ಒಂದು ಪ್ರಿಂಟ್ ಲೈನ್ ಸೇರ್ಸಿದ್ದೆ, ಗಾಳಿಯಲ್ಲಿ ಏನೇ ಬಂದ್ರೂ ಸ್ಕ್ರೀನ್ ಮೇಲೆ ಬರ್ಲಿ ಅಂತ. ಹತ್ತು ಸಲ ಒತ್ದ. ಹತ್ತು ಸಲನೂ ಮೆಸೇಜ್ ನನ್ ಕಡೆ ಬಂತು, ಸಾಲದ್ದಕ್ಕೆ ಒಂದೊಂದು ಸಲ ಒತ್ತಿದ್ದಕ್ಕೂ ಎರಡೆರಡು ಸಲ ಬಂತು. ಮನೆಗೆ ಹೋಗಿ ಚೀಟಿ ನೋಡಿದ್ರೆ ಹತ್ತಕ್ಕೆ ಹತ್ತೂ ಕೆಂಪು. ಸಿಗ್ನಲ್ ಸಮಸ್ಯೆ ಆಗಿದ್ರೆ ಹತ್ತರಲ್ಲಿ ಒಂದೆರಡಾದ್ರೂ ಹಸಿರು ಬರ್ಬೇಕಿತ್ತು ಅಲ್ವಾ, ಹಿಂಗೆ ಗಡಿಯಾರ ಇಟ್ಟಂಗೆ ತಪ್ಪೋದು ಅಂದ್ರೆ ಅದು ರೇಡಿಯೋ ಅಲ್ಲ, ಲೆಕ್ಕ.

ಕೋಡ್ ತೆಗೆದ್ರೆ ಒಳಗಿರೋದು ರೇಡಿಯೋಹೆಡ್ ಲೈಬ್ರರಿ, ತುಂಬಾ ಜನ ಬಳಸೋ ಒಳ್ಳೇ ಲೈಬ್ರರಿ. ಅದ್ರಲ್ಲಿ ಸೆಂಡ್‌ಟುವೇಟ್ ಅಂತ ಒಂದು ಫಂಕ್ಷನ್. ಮೆಸೇಜ್ ಕಳಿಸುತ್ತೆ, ಆ ಕಡೆಯಿಂದ ‘ಬಂತು’ ಅನ್ನೋ ಅಕ್ ಬರೋವರ್ಗೂ ಕಾಯುತ್ತೆ, ಬರ್ಲಿಲ್ಲ ಅಂದ್ರೆ ಮತ್ತೆ ಕಳಿಸುತ್ತೆ. ಎಷ್ಟು ಹೊತ್ತು ಕಾಯುತ್ತೆ? ನಾವಾಗಿ ಏನೂ ಹೇಳ್ದೇ ಇದ್ರೆ 200 ಮಿಲಿಸೆಕೆಂಡ್. ಎಷ್ಟು ಸಲ ಮತ್ತೆ ಕಳಿಸುತ್ತೆ? 3 ಸಲ, ಮೊದಲನೇದೂ ಸೇರಿದ್ರೆ ಒಟ್ಟು 4. ಕಿಟ್‌ನೋರು ಈ ಎರಡೂ ನಂಬರ್ ಮುಟ್ಟಿಲ್ಲ. ಆದ್ರೆ ಬಲಗಡೆ ಜಂಪರ್‌ಗೆ ಮಾತ್ರ ಸ್ಪ್ರೆಡಿಂಗ್ ಫ್ಯಾಕ್ಟರ್ 12, ಕೋಡಿಂಗ್ ರೇಟ್ (ತಪ್ಪು ತಿದ್ದೋಕೆ ಸೇರಿಸೋ ಹೆಚ್ಚುವರಿ ಬಿಟ್‌ಗಳ ಲೆಕ್ಕ) 4/8 ಹಾಕಿದಾರೆ, 5 ಕಿಲೋಮೀಟರ್ ಅಂತ ಡಬ್ಬಿ ಮೇಲೆ ಬರೀಬೇಕಲ್ಲ. ಒಂದು ನಂಬರ್ ಹೊಗಳಿಕೆಗೆ ಏರ್ಸಿದಾರೆ, ಅದ್ರ ಜೊತೆ ಏರ್ಬೇಕಾದ ಇನ್ನೊಂದು ನಂಬರ್ ಮರ್ತಿದಾರೆ.

ಸ್ಪ್ರೆಡಿಂಗ್ ಫ್ಯಾಕ್ಟರ್ ಗೊತ್ತಿಲ್ದೋರಿಗೆ ನಮ್ಮೂರ ಭಾಷೆಯಲ್ಲಿ ಹೇಳ್ತೀನಿ. ತೋಟದ ಈ ತುದಿಯಿಂದ ಆ ತುದಿಗೆ ಕೂಗೋವಾಗ ‘ಊಟಕ್ಕ್ ಬಾ’ ಅಂತ ಪಟಪಟ ಅಂದ್ರೆ ಕೇಳಲ್ಲ, ‘ಊಊಊಟಕ್ಕ್ ಬಾಆಆಆ’ ಅಂತ ಎಳೆದ್ರೆ ಕೇಳುತ್ತೆ. ಲೋರಾ ಮಾಡೋದೂ ಅದನ್ನೇ. ಫ್ಯಾಕ್ಟರ್ 7ರಿಂದ ಒಂದೊಂದು ಮೆಟ್ಟಿಲು ಏರ್ದಂಗೆಲ್ಲ ಸುಮಾರು ಎರಡೂವರೆ ಡೆಸಿಬಲ್ ದುರ್ಬಲವಾದ ಸಿಗ್ನಲ್ ಕೂಡ ಕೇಳುತ್ತೆ, ಬದಲಿಗೆ ಒಂದೊಂದು ಸಿಂಬಲ್‌ಗೆ, ಅಂದ್ರೆ ಕೂಗಿನ ಒಂದೊಂದು ತುಣುಕಿಗೆ, ಎರಡರಷ್ಟು ಹೊತ್ತು. 125 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಫ್ಯಾಕ್ಟರ್ 7ಕ್ಕೆ ಒಂದು ಸಿಂಬಲ್ 1.024 ಮಿಲಿಸೆಕೆಂಡ್, 12ಕ್ಕೆ 32.768. ಈ ಲೈಬ್ರರಿಯ ಅಕ್ ಅಂದ್ರೆ ಹೆಡರ್ (ಯಾರಿಂದ ಯಾರಿಗೆ, ಎಷ್ಟನೇ ಮೆಸೇಜ್ ಅನ್ನೋದು) 4 ಬೈಟು, ಜೊತೆಗೊಂದು ಆಶ್ಚರ್ಯಸೂಚಕ ಚಿಹ್ನೆ, ಒಟ್ಟು 5 ಬೈಟು ಅಷ್ಟೇ, ಒಂದು ಹೂಂಗುಟ್ಟಿದಂಗೆ. ಎಡಗಡೆ ಜಂಪರ್‌ನಲ್ಲಿ, ಅಂದ್ರೆ ಫ್ಯಾಕ್ಟರ್ 7ರಲ್ಲಿ, ಆ ಹೂಂ ಗಾಳಿಯಲ್ಲಿ ಇರೋದು ಸುಮಾರು 31 ಮಿಲಿಸೆಕೆಂಡ್. ಬಲಗಡೆ ಹಾಕಿದ್ರೆ ಸುಮಾರು 925. ಅಂದ್ರೆ ಹೂಂ ಅನ್ನೋಕೇ ಹತ್ತತ್ರ ಒಂದು ಸೆಕೆಂಡ್ ಬೇಕು, ಈ ಕಡೆಯೋನು 200 ಮಿಲಿಸೆಕೆಂಡ್ ಕಾದು ‘ಉತ್ತರ ಬರ್ಲಿಲ್ಲ’ ಅಂತ ಮುಖ ತಿರುಗ್ಸಿದಾನೆ. ಟೇಬಲ್ ಮೇಲೆ ಹಸಿರು ಬಂದು ತೋಟದಲ್ಲಿ ಕೆಂಪು ಬಂದಿದ್ದು ದೂರದಿಂದ ಅಲ್ಲ, ಜಂಪರ್‌ನಿಂದ. ಅದೇ ಟೇಬಲ್ ಮೇಲೆ ಬಲಗಡೆ ಹಾಕಿದ್ರೂ ಕೆಂಪೇ ಬರ್ತಿತ್ತು, ಆಮೇಲೆ ಹಾಕಿ ನೋಡ್ದೆ, ಬಂತು.

ಇನ್ನೂ ಮಜಾ ಇದೆ, ಎರಡೆರಡು ಸಲ ಯಾಕೆ ಬಂತು ಅಂತ. ಕಿಟ್‌ನೋರ ಮೆಸೇಜ್ 20 ಅಕ್ಷರ, ಹೆಡರ್ ಸೇರಿ 24 ಬೈಟು, ಬಲಗಡೆ ಜಂಪರ್‌ನಲ್ಲಿ ಅದು ಹೋಗೋಕೆ ಸುಮಾರು 2 ಸೆಕೆಂಡ್. ಮೊದಲನೇದು ಹೋಯ್ತು, ಬೋರ್ ಕಡೆ ಸಿಕ್ತು, ಅದು ಅಕ್ ಕಳಿಸೋಕೆ ಶುರು ಮಾಡ್ತು. ಅಷ್ಟರಲ್ಲಿ ಮನೆ ಕಡೆದು ತಾಳ್ಮೆ ಕಳ್ಕೊಂಡು ಎರಡನೇ ಸಲ ಕೂಗೋಕೆ ಶುರು. ಲೋರಾ ರೇಡಿಯೋ ಒಂದೇ ಹೊತ್ತಿಗೆ ಮಾತಾಡಿ ಕೇಳಿಸ್ಕೊಳ್ಳೋಕೆ ಆಗಲ್ಲ, ಹಂಗಾಗಿ ಅಕ್ ಇದಕ್ಕೆ ಕೇಳಲ್ಲ, ಇದ್ರ ಎರಡನೇ ಕೂಗಿನ ಶುರು ಅದಕ್ಕೆ ಕೇಳಲ್ಲ, ಶುರುವಿನ ಪ್ರಿಯಾಂಬಲ್ ತಪ್ಪಿದ್ ಮೇಲೆ ಆ ಪ್ಯಾಕೆಟ್ ಪೂರ್ತಿ ತಪ್ಪಿದಂಗೆ. ಮೂರನೇದು ಸಿಗುತ್ತೆ, ಮತ್ತೆ ಅದೇ ಕಥೆ, ನಾಲ್ಕನೇದು ತಪ್ಪುತ್ತೆ. ನಾಲ್ಕರಲ್ಲಿ ಎರಡು ಸಿಕ್ಕಿವೆ, ಎರಡಕ್ಕೂ ಉತ್ತರ ಹೋಗಿದೆ, ಒಂದು ಉತ್ತರನೂ ಮನೆ ಮುಟ್ಟಿಲ್ಲ. ಅತ್ತೆ ಸೊಸೆ ಇಬ್ರೂ ಒಟ್ಟಿಗೇ ಮಾತಾಡ್ತಾ ಇರೋ ಮನೆ ಥರ.

ಕಿಟ್‌ನೋರಿಗೆ ಫೋನ್ ಮಾಡ್ದೆ. ಫೋನ್ ಎತ್ತಿದ ಹುಡುಗ ಮರ್ಯಾದೆಯಿಂದಾನೇ ಮಾತಾಡ್ದ, ಅದಕ್ಕೆ ಮಾರ್ಕ್ಸ್ ಕೊಡ್ತೀನಿ. ಆದ್ರೆ ಮೊದಲನೇ ಸಲಹೆ ‘ಆಂಟೆನಾ ಮೇಲ್ ಕಟ್ಟಿ ಸಾರ್’, ಎರಡನೇ ಸಲಹೆ ‘ರೀಟ್ರೈ 10 ಮಾಡಿ ಸಾರ್’. ಆಂಟೆನಾ ಮಾತು ತಪ್ಪಲ್ಲ, ಅದಕ್ಕೆ ಆಮೇಲೆ ಬರ್ತೀನಿ. ರೀಟ್ರೈ ಹತ್ತು ಮಾಡಿದ್ರೆ ಏನಾಗುತ್ತೆ, ಕೇಳಿಸ್ಕೊಳ್ದೇ ಇರೋನು ನಾಲ್ಕರ ಬದಲು ಹನ್ನೊಂದು ಸಲ ಕೂಗ್ತಾನೆ, ಕೆಂಪು ದೀಪ ಒಂಬತ್ತು ಸೆಕೆಂಡ್ ಬದಲು ಇಪ್ಪತ್ತೈದು ಸೆಕೆಂಡ್‌ಗೆ ಬರುತ್ತೆ. ಟೈಮ್‌ಔಟ್ ತಪ್ಪಿದ್ದಾಗ ರೀಟ್ರೈ ಏರ್ಸೋದು ಅಂದ್ರೆ ತೂತಿರೋ ಪೈಪಿಗೆ ಪ್ರೆಶರ್ ಜಾಸ್ತಿ ಮಾಡಿದಂಗೆ. ನಮ್ ಆಫೀಸಲ್ಲೂ ಇದನ್ನ ನೋಡಿದೀನಿ, ಎಂಟತ್ತು ವರ್ಷ ಅನುಭವ ಇರೋರೂ ಮೊದಲು ಕೈ ಹಾಕೋದು ರೀಟ್ರೈಗೇ.

ಹಂಗಾದ್ರೆ ಎಷ್ಟು ಇಡ್ಬೇಕು? ರೇಡಿಯೋಹೆಡ್‌ನೋರ ಡಾಕ್ಯುಮೆಂಟಲ್ಲೇ ನೇರವಾಗಿ ಬರ್ದಿದಾರೆ: ಮೆಸೇಜ್ ಕಳಿಸಿ ಮುಗಿದ ಕ್ಷಣದಿಂದ ಲೆಕ್ಕ, ಅಕ್ ಗಾಳಿಯಲ್ಲಿ ಇರೋ ಹೊತ್ತು ಮತ್ತೆ ಆ ಕಡೆಯೋನು ಎದ್ದು ನೋಡೋಕೆ ತಗೊಳ್ಳೋ ಹೊತ್ತು ಎರಡನ್ನೂ ಕೂಡಿಸಿದ್ದಕ್ಕಿಂತ ಜಾಸ್ತಿ ಇರ್ಬೇಕು, ನಿಧಾನದ ಸೆಟ್ಟಿಂಗ್ ಇದ್ರೆ ಇದನ್ನ ಬದಲಾಯಿಸ್ಬೇಕಾಗುತ್ತೆ ಅಂತ. ಹಂಗಾಗಿ ಲೈಬ್ರರಿ ಮೇಲೆ ನನ್ ದೂರು ಇಲ್ಲ. 200 ಅನ್ನೋದು ಅವ್ರ ಡೀಫಾಲ್ಟ್ ವೇಗಕ್ಕೆ, ಅಂದ್ರೆ ಫ್ಯಾಕ್ಟರ್ 7ಕ್ಕೆ, ಧಾರಾಳ. ವೇಗ ಬದಲಾಯಿಸ್ದೋರು ಓದ್ಬೇಕಿತ್ತು. ನಾನೂ ಓದ್ಬೇಕಿತ್ತು, ಊರಿಗೆ ತಗೊಂಡೋಗೋಕ್ ಮುಂಚೆ.

‘ಆ ಕಡೆಯೋನು ಎದ್ದು ನೋಡೋ ಹೊತ್ತು’ ಅಂದ್ನಲ್ಲ, ಅದನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಕಿಟ್‌ನ ಬೋರ್ ಕಡೆ ಕೋಡಲ್ಲಿ ಮೋಟರ್ ಕರೆಂಟ್ ಅಳೆಯೋಕೆ ಅಂತ ಲೂಪ್ ಒಳಗೆ 500 ಮಿಲಿಸೆಕೆಂಡ್ ಡಿಲೇ ಕೂತಿದೆ. ಮೆಸೇಜ್ ಬಂದಿದ್ರೂ ಅದು ಆ ಅರ್ಧ ಸೆಕೆಂಡ್ ಆಕಳಿಸಿ ಆಮೇಲೆ ನೋಡುತ್ತೆ. ಹಂಗಾಗಿ 925ಕ್ಕೆ 500 ಸೇರಿಸಿ, ಮೇಲೊಂದಿಷ್ಟು ಉಸಿರಾಡೋಕೆ ಜಾಗ ಬಿಟ್ಟು 2000 ಅಂತ ಇಟ್ಟೆ. ಒಂದೇ ಒಂದು ಲೈನ್ ಬದಲಾವಣೆ, ಸೆಟ್‌ಟೈಮ್‌ಔಟ್ 2000. ತಮ್ಮ ಒತ್ದ, ಹಸಿರು ಬಂತು. ಹತ್ತಕ್ಕೆ ಹತ್ತು. ಅಪ್ಪ ‘ಇಷ್ಟೇನಾ’ ಅಂದ್ರು. ಹೂಂ ಅಪ್ಪ ಇಷ್ಟೇ, ಮೂರು ವಾರ.

ಇಲ್ಲಿಗೆ ಮುಗೀತು ಅನ್ಕೊಂಡ್ರೆ ಮುಗೀಲಿಲ್ಲ. ಬೋರ್ಡ್ ಎಲ್ಲಾದ್ರೂ ತಲೆತಿರುಗಿ ನಿಂತ್ರೆ ತಾನೇ ರೀಸೆಟ್ ಆಗ್ಲಿ ಅಂತ ನಾನೇ ಬುದ್ಧಿವಂತಿಕೆ ಮಾಡಿ ಮನೆ ಕಡೆದಕ್ಕೆ ವಾಚ್‌ಡಾಗ್ ಹಾಕಿದ್ದೆ, ಈ ಚಿಪ್ಪಲ್ಲಿ ಅದಕ್ಕೆ ಹೆಚ್ಚೆಂದ್ರೆ 8 ಸೆಕೆಂಡ್ ಕೊಡ್ಬೋದು. ಬೋರ್ ಕಡೆ ಕರೆಂಟ್ ಹೋಗಿದ್ದ ಒಂದು ದಿನ ಅಪ್ಪ ಒತ್ತಿದ್ರೆ ಹಸಿರೂ ಇಲ್ಲ ಕೆಂಪೂ ಇಲ್ಲ, ದೀಪ ಮಿಣಕ್ ಅಂದು ಸುಮ್ನಾಗುತ್ತೆ. ಯಾಕೆ ಅಂದ್ರೆ ಲೈಬ್ರರಿ ನಾನು ಕೊಟ್ಟ ಟೈಮ್‌ಔಟನ್ನ ಹಂಗೇ ಬಳಸಲ್ಲ, ಇಬ್ರು ಒಟ್ಟಿಗೆ ಕೂಗಿದ್ರೆ ಮತ್ತೆ ಮತ್ತೆ ಒಟ್ಟಿಗೇ ಕೂಗ್ಬಾರ್ದು ಅಂತ ಒಂದರಿಂದ ಎರಡು ಪಟ್ಟಿನ ಮಧ್ಯೆ ಎಲ್ಲೋ ಒಂದು ಕಡೆ ಲಾಟರಿ ಎತ್ತುತ್ತೆ. ಅಂದ್ರೆ 2 ಸೆಕೆಂಡ್ ಕಳಿಸೋದು, 2ರಿಂದ 4 ಸೆಕೆಂಡ್ ಕಾಯೋದು, ಇದು ನಾಲ್ಕು ಸಲ, ಒಟ್ಟು 16ರಿಂದ 24 ಸೆಕೆಂಡ್. ಎಂಟನೇ ಸೆಕೆಂಡ್‌ಗೆ ವಾಚ್‌ಡಾಗ್ ಬಂದು ಕಚ್ಚುತ್ತೆ, ಬೋರ್ಡ್ ಹೊಸದಾಗಿ ಶುರುವಾಗುತ್ತೆ, ಗುಂಡಿ ಒತ್ತಿದ್ದೇ ಅದಕ್ಕೆ ನೆನಪಿಲ್ಲ. ಒಂದು ಟೈಮ್‌ಔಟ್ ಒಳಗೆ ಇನ್ನೊಂದು ಟೈಮ್‌ಔಟ್ ಕೂತಿರುತ್ತೆ, ಒಳಗಿಂದು ಹೊರಗಿಂದಕ್ಕಿಂತ ಚಿಕ್ಕದಿರ್ಬೇಕು, ಇಲ್ಲಾಂದ್ರೆ ಹಿಂಗೆ.

ಆಗ ಹೊಳೆದಿದ್ದು, ನಮಗೆ ಬೇಕಾಗಿರೋದು 1.2 ಕಿಲೋಮೀಟರ್, ಫ್ಯಾಕ್ಟರ್ 12 ಯಾತಕ್ಕೆ. ಕಿಟ್ ಜೊತೆ ಬಂದಿದ್ದ ವೈರ್ ಆಂಟೆನಾ ಸ್ಕೇಲ್ ಇಟ್ಟು ಅಳೆದ್ರೆ 17 ಸೆಂಟಿಮೀಟರ್ ಚಿಲ್ಲರೆ. ಅದು 433 ಮೆಗಾಹರ್ಟ್ಸ್‌ನ ಕಾಲು ತರಂಗದ ಉದ್ದ, 866ಕ್ಕೆ ಬೇಕಾಗಿರೋದು ಸುಮಾರು 8.6. ಯಾವ್ದೋ ಡಬ್ಬಿದು ಯಾವ್ದಕ್ಕೋ ಹಾಕಿ ಕಳ್ಸಿದಾರೆ. ಎರಡೂ ಕಡೆ ಕತ್ತರಿಸ್ದೆ, ಮನೆ ಮೇಲೆ ಹಳೇ ಡಿಶ್ ಪೈಪಿಗೆ ಡಬ್ಬಿ ಏರಿಸ್ದೆ. ಆ ಹುಡುಗ ಹೇಳಿದ್ದು ಅರ್ಧ ಸರಿ ಅಂದ್ನಲ್ಲ, ಇದೇ. ಈಗ ಫ್ಯಾಕ್ಟರ್ 9, ಕೋಡಿಂಗ್ ರೇಟ್ 4/5ರಲ್ಲೇ ಆರಾಮಾಗಿ ಹೋಗುತ್ತೆ. ಮೆಸೇಜ್‌ಗೆ 206 ಮಿಲಿಸೆಕೆಂಡ್, ಅಕ್‌ಗೆ 124. ಕರೆಂಟ್ ಅಳೆಯೋ ಡಿಲೇ 100ಕ್ಕೆ ಇಳಿಸ್ದೆ, 50 ಹರ್ಟ್ಸ್‌ನ ಐದು ಸೈಕಲ್ ಸಿಕ್ಕಿದ್ರೆ ಅಳತೆಗೆ ಸಾಕು. ಟೈಮ್‌ಔಟ್ 500. ಏನೂ ಉತ್ತರ ಬರ್ದೇ ಇದ್ರೂ ಹೆಚ್ಚೆಂದ್ರೆ 5 ಸೆಕೆಂಡ್‌ಗೆ ತೀರ್ಮಾನ, ವಾಚ್‌ಡಾಗ್ ಪಾಡಿಗೆ ವಾಚ್‌ಡಾಗ್ ಮಲಗಿರುತ್ತೆ.

ಆದ್ರೆ ನಿಜವಾದ ತಪ್ಪು ನಂಬರ್‌ದಲ್ಲ, ಅದನ್ನೇ ಈ ರಿವ್ಯೂನಲ್ಲಿ ಒತ್ತಿ ಹೇಳ್ಬೇಕಾಗಿರೋದು. ಕಿಟ್‌ನೋರ ಕೋಡಲ್ಲಿ ಗುಂಡಿ ಒತ್ತಿದ್ರೆ ಹೋಗೋ ಮೆಸೇಜ್ ‘ಬದಲಾಯಿಸು’. ಓಡ್ತಿದ್ರೆ ನಿಲ್ಸು, ನಿಂತಿದ್ರೆ ಓಡ್ಸು. ಮತ್ತೆ ಟೈಮ್‌ಔಟ್ ಆದ್ರೆ ಕೆಂಪು ದೀಪ, ಹಾಳೆಯಲ್ಲಿ ಕೆಂಪಿಗೆ ಅರ್ಥ ‘ಕೆಲಸ ಆಗಿಲ್ಲ’. ಅದು ಸುಳ್ಳು ಸ್ವಾಮಿ. ಟೈಮ್‌ಔಟ್ ಅಂದ್ರೆ ಕೆಲಸ ಆಗಿಲ್ಲ ಅಂತಲ್ಲ, ಆಗಿದ್ಯೋ ಇಲ್ವೋ ನಂಗೆ ಗೊತ್ತಾಗ್ಲಿಲ್ಲ ಅಂತ. ಮೆಸೇಜ್ ಹೋಗೋವಾಗ ಕಳೆದಿರ್ಬೋದು, ಉತ್ತರ ಬರೋವಾಗ ಕಳೆದಿರ್ಬೋದು, ಈ ಕಡೆ ಕೂತೋನಿಗೆ ಎರಡೂ ಒಂದೇ ಥರ ಕಾಣುತ್ತೆ. ಲೈಬ್ರರಿ ಪಾಪ ಒಂದೇ ಮೆಸೇಜ್ ಎರಡು ಸಲ ಬಂದ್ರೆ ನಂಬರ್ ನೋಡಿ ಎರಡನೇದನ್ನ ಬಿಸಾಕುತ್ತೆ, ಅದಕ್ಕೆ ಒಂದೇ ಒತ್ತಿಗೆ ಮೋಟರ್ ಎರಡು ಸಲ ಕುಣೀಲಿಲ್ಲ. ಆದ್ರೆ ಅಪ್ಪ ಕೆಂಪು ನೋಡಿ ಮತ್ತೆ ಒತ್ತಿದಾಗ ಅದು ಹೊಸಾ ನಂಬರ್‌ನ ಹೊಸಾ ಮೆಸೇಜ್, ಲೈಬ್ರರಿಗೆ ಹೆಂಗೆ ಗೊತ್ತಾಗ್ಬೇಕು ಅಪ್ಪಂಗೆ ಬೇಕಾಗಿದ್ದು ನೀರು ಅಂತ. ‘ಆಗಿಲ್ಲ’ ಅಂತ ಹೇಳಿದ್ರೆ ಮನುಷ್ಯ ಮತ್ತೆ ಒತ್ತೇ ಒತ್ತುತಾನೆ. ಇದನ್ನ ಬರೆದೋನು ಒಂದಿನಾನೂ ರಾತ್ರಿ ಹನ್ನೊಂದಕ್ಕೆ ಮೋಟರ್ ಹಾಕೋಕೆ ಹೋಗಿಲ್ಲ ಅನ್ಸುತ್ತೆ.

ಹಂಗಾಗಿ ‘ಬದಲಾಯಿಸು’ ತೆಗೆದು ಎರಡು ಗುಂಡಿ ಮಾಡ್ದೆ, ‘ಓಡು’, ‘ನಿಲ್ಲು’. ಓಡ್ತಾ ಇರೋದಕ್ಕೆ ಹತ್ತು ಸಲ ಓಡು ಅಂದ್ರೂ ಏನೂ ಆಗಲ್ಲ. ಅಕ್ ಬಂದ್ರೆ ಸಾಕು ಅಂತ ಬಿಡ್ಲಿಲ್ಲ, ಅಕ್ ಅಂದ್ರೆ ಮಾತು ಮುಟ್ಟಿದೆ ಅಷ್ಟೇ, ಸ್ಟಾರ್ಟರ್ ಹಿಡೀತಾ, ಫೇಸ್ ಸರಿ ಇದ್ಯಾ ಅಂತ ಅದಕ್ಕೇನ್ ಗೊತ್ತು. ಕರೆಂಟ್ ಸೆನ್ಸರ್ ಆಂಪ್ಸ್ ನೋಡಿ ಆಮೇಲೆ ಬೋರ್ ಕಡೆಯಿಂದ ಬೇರೇ ಒಂದು ಮೆಸೇಜ್ ಬರುತ್ತೆ, ಅದು ಬಂದ್ರೇನೇ ಹಸಿರು, ಮೋಟರ್ ನಿಂತಿದೆ ಅಂತ ಖಾತ್ರಿ ಆದ್ರೆ ಕೆಂಪು. ಚನ್ನಗಿರಿಯಲ್ಲಿ ಎರಡು ರೂಪಾಯಿಗೆ ಒಂದು ಹಳದಿ ಎಲ್‌ಇಡಿ ತಂದು ಮಧ್ಯ ಕೂರಿಸ್ದೆ. ಟೈಮ್‌ಔಟ್ ಆದ್ರೆ ಹಳದಿ, ಅಂದ್ರೆ ಗೊತ್ತಿಲ್ಲ. ಹಳದಿ ಬಂದ್ರೆ ಬೋರ್ಡೇ ಅರ್ಧ ನಿಮಿಷಕ್ಕೊಂದ್ಸಲ ‘ಹೆಂಗಿದೀಯ’ ಅಂತ ಕೇಳುತ್ತೆ, ಗೊತ್ತಾದ್ ತಕ್ಷಣ ಹಸಿರಿಗೋ ಕೆಂಪಿಗೋ ತಿರುಗುತ್ತೆ. ಅಪ್ಪ ಈಗ ಹಳದಿ ಬಂದ್ರೆ ಎಲೆ ಅಡಿಕೆ ಹಾಕ್ಕೊಂಡು ಕೂತ್ಕೋತಾರೆ. ಇಡೀ ಕಿಟ್‌ನಲ್ಲಿ ನನಗೆ ಇಷ್ಟವಾದ ಪಾರ್ಟು ಆ ಎರಡು ರೂಪಾಯಿ ದೀಪ, ಅದು ಕಿಟ್‌ದಲ್ಲ.

ಬೋರ್ ಕಡೆ ಇನ್ನೊಂದು ಟೈಮ್‌ಔಟ್ ಇರ್ಬೇಕಿತ್ತು, ಕೊಟ್ಟೇ ಇಲ್ಲ. ಮೋಟರ್ ಓಡ್ತಾ ಇದೆ, ಮನೆ ಜೊತೆ ಸಂಪರ್ಕ ತಪ್ಪಿದೆ, ಆಗೇನ್ ಮಾಡ್ಬೇಕು? ನಾನು ಪುಸ್ತಕದ ಪ್ರಕಾರ ಹದಿನೈದು ನಿಮಿಷ ಮನೆ ಕಡೆಯಿಂದ ಸದ್ದು ಇಲ್ಲ ಅಂದ್ರೆ ನಿಲ್ಲಿಸು ಅಂತ ಹಾಕ್ದೆ. ಅಪ್ಪ ಒಪ್ಲಿಲ್ಲ. ‘ಮನೇಲಿ ಕರೆಂಟ್ ಹೋದ್ರೆ ತೋಟಕ್ಕೆ ಯಾಕೆ ನೀರ್ ನಿಲ್ಬೇಕು’ ಅಂದ್ರು, ಸರಿಯಾದ ಪ್ರಶ್ನೆ. ಈಗ ಸಂಪರ್ಕ ಇರ್ಲಿ ಬಿಡ್ಲಿ ಶುರುವಾಗಿ 3 ಗಂಟೆಗೆ ನಿಲ್ಲುತ್ತೆ, ಡ್ರೈ ರನ್ ಆಗಿ ಆಂಪ್ಸ್ ಇಳಿದ್ರೆ ತಕ್ಷಣ ನಿಲ್ಲುತ್ತೆ. ಈ ನಂಬರ್ ಯಾವ ಡೇಟಾಶೀಟಲ್ಲೂ ಸಿಗಲ್ಲ, ನೀರ್ ಬಿಡೋರನ್ನೇ ಕೇಳ್ಬೇಕು.

ಚಿಕ್ಕಪುಟ್ಟದ್ದು. ಕಿಟ್ ಕೋಡಲ್ಲಿ ಟೈಮ್ ಲೆಕ್ಕ ಹಾಕಿರೋ ರೀತಿ ‘ಈಗಿನ ಮಿಲ್ಲಿಸ್ ಆ ನಂಬರ್‌ಗಿಂತ ದೊಡ್ಡದಾ’ ಅಂತ. ಮಿಲ್ಲಿಸ್ ಅಂದ್ರೆ ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಎಣಿಸೋ 32 ಬಿಟ್ ಕೌಂಟರ್, 49 ದಿನ 17 ಗಂಟೆಗೆ ಸೊನ್ನೆಗೆ ಸುತ್ಕೊಳ್ಳುತ್ತೆ, ಆ ಹೊತ್ತಲ್ಲಿ ಲೆಕ್ಕ ಎಕ್ಕುಟ್ಟೋಗುತ್ತೆ. ಈಗಿನದ್ರಲ್ಲಿ ಶುರುವಿನದನ್ನ ಕಳೆದು ಬಂದಿದ್ದನ್ನ ಹೋಲಿಸಿದ್ರೆ ಸುತ್ಕೊಂಡ್ರೂ ಸರಿಯಾಗೇ ಬರುತ್ತೆ. ನಮ್ಮೂರಲ್ಲಿ ಒಂದು ಬೋರ್ಡಿಗೆ 49 ದಿನ ಸತತ ಕರೆಂಟ್ ಸಿಗೋದು ಅಂದ್ರೆ ಪವಾಡ, ಆದ್ರೂ ಸರಿ ಮಾಡ್ದೆ.

ಇನ್ನು ಹೊಸಾ ಮಾಡೆಲ್ ತಗೊಳ್ಳೋರಿಗೆ ಒಂದು ಮಾತು. ಎಸ್‌ಎಕ್ಸ್1262 ಚಿಪ್ ಇರೋ ಬೋರ್ಡ್‌ಗಳು ಬರ್ತಾ ಇವೆ, ಅದ್ರಲ್ಲಿ ರಿಸೀವ್ ಟೈಮ್‌ಔಟ್ ಚಿಪ್ಪಿಗೇ ಕೊಡ್ಬೋದು, ಆದ್ರೆ ಅಳತೆ ಮಿಲಿಸೆಕೆಂಡ್ ಅಲ್ಲ, 15.625 ಮೈಕ್ರೋಸೆಕೆಂಡ್‌ನ ಒಂದೊಂದು ಹೆಜ್ಜೆ. ನೇರವಾಗಿ 2000 ಅಂತ ಬರೆದ್ರೆ 31 ಮಿಲಿಸೆಕೆಂಡ್‌ಗೆ ಮುಗೀತು, 64ರಿಂದ ಗುಣಿಸ್ಬೇಕು. ಸೊನ್ನೆ ಕೊಟ್ರೆ ಕಾಯೋದೇ ಬೇಡ ಅಂತ ಅಲ್ಲ, ಒಂದು ಪ್ಯಾಕೆಟ್ ಬರೋವರ್ಗೂ ಕಾಯ್ತಾನೇ ಇರು ಅಂತ. ನಮ್ ಹಳೇ ಎಸ್‌ಎಕ್ಸ್1276ನಲ್ಲೋ ಅಳತೆ ಸಿಂಬಲ್ ಲೆಕ್ಕ, ಡೀಫಾಲ್ಟ್ 100 ಸಿಂಬಲ್, ಅಂದ್ರೆ ಫ್ಯಾಕ್ಟರ್ 7ರಲ್ಲಿ 102 ಮಿಲಿಸೆಕೆಂಡ್, 12ರಲ್ಲಿ ಮೂರೂಕಾಲು ಸೆಕೆಂಡ್. ರೇಡಿಯೋಹೆಡ್ ಸದಾ ಕೇಳಿಸ್ಕೊಳ್ಳೋ ಮೋಡ್‌ನಲ್ಲೇ ಇರೋದ್ರಿಂದ ನಮಗೆ ಇದು ತಾಗಲ್ಲ, ಬೇರೆ ಲೈಬ್ರರಿ ಹಾಕಿದ್ರೆ ತಾಗ್ಬೋದು. ಟೈಮ್‌ಔಟ್ ಅಂತ ಎಲ್ಲಿ ಕಂಡ್ರೂ ಮೊದಲು ಅದ್ರ ಯೂನಿಟ್ ಏನು, ಸೊನ್ನೆಗೆ ಅರ್ಥ ಏನು ನೋಡಿ, ಆಮೇಲೆ ನಂಬರ್ ಬರೀರಿ.

ತಗೋಬೋದಾ ಅಂತ ಕೇಳಿದ್ರೆ, ಕೋಡ್ ಮುಟ್ಟೋಕೆ ಬರೋರು ಮನೇಲಿದ್ರೆ ಕಣ್ಣು ಮುಚ್ಕೊಂಡು ತಗೊಳಿ, ಈ ಬೆಲೆಗೆ ಇಷ್ಟು ಗಟ್ಟಿ ಬೋರ್ಡ್ ಸಿಗಲ್ಲ. ಡಬ್ಬಿ ಬಿಚ್ಚಿ ಹಂಗೇ ಹಾಕೋರಾದ್ರೆ ಬಲಗಡೆ ಜಂಪರ್ ಮುಟ್ಬೇಡಿ, ಅಷ್ಟು ದೂರ ಬೇಕೇ ಬೇಕು ಅಂದ್ರೆ ಈ ಕಿಟ್ ಬೇಡ. ಬದಲಾಯಿಸಿದ ಕೋಡ್ ಕಿಟ್‌ನೋರಿಗೆ ಮೇಲ್ ಮಾಡಿದೀನಿ, ಥ್ಯಾಂಕ್ಸ್ ಸಾರ್ ಅಂತ ಒಂದು ಉತ್ತರ ಬಂತು, ಅದೇನೋ ಆ ಕಡೆಯ ಅಕ್ ಅಷ್ಟೇ, ಕೆಲಸ ಆಯ್ತೋ ಇಲ್ವೋ ಇನ್ನೂ ಹಳದಿ. ಪಕ್ಕದ ತೋಟದೋರೂ ಒಂದು ಸೆಟ್ ತರ್ಸಿದಾರೆ, ಬರೋ ಭಾನುವಾರ ಅದನ್ನ ಕೂರಿಸ್ಬೇಕು, ಡಬ್ಬಿಯಲ್ಲಿ ಬಂದ ಅಡ್ರೆಸ್ ಎರಡು ಸೆಟ್ಟಿಗೂ ಒಂದೇ ಇದೆ, ಅದನ್ನ ಮೊದಲು ಬದಲಾಯಿಸ್ದೇ ಇದ್ರೆ ನಮ್ಮಪ್ಪ ಒತ್ತಿದ್ರೆ ಅವ್ರ ಮೋಟರ್ ಓಡುತ್ತೆ.